ತಾಸಿಗೆ ಹತ್ತು ನಿಮಿಷ

ಗಂಜಿನ ದಾಲಮಿಲ್ಲುಗಳ ಸುಟ್ಟ ಮೋಟಾರು
ಬಿಚ್ಚಿ ಸುತ್ತೋದು ನನ್ನ ಕೆಲಸ.
ಬೋರ್ಡಿನ ಮ್ಯಾಲ ಇನ್ನಾ ಅಪ್ಪನ ಹೆಸರದ.
ಬಂದವರು ಒಳಗ ಹಣಿಕಿ ಹಾಕಿ
‘ಮಿಸ್ತ್ರಿ ಇಲ್ಲೇನವಾ?’ ಅಂತಾರ.
ನಾನೇ ರೀ, ಅಂತೀನಿ.
ಝರಾ ಹೊತ್ತು ನಿಂತು, ಮೋಟಾರು ಇಳಸ್ತಾರ.

ಮೇ ತಿಂಗಳ ಒಂದು ಮಧ್ಯಾಹ್ನ
ತೊಡಿ ಮ್ಯಾಲ ಕೂಸಿನಂಗ ಕಂಪ್ಯೂಟರ ಡಬ್ಬಿ ಇಟಗೊಂಡು
ಆಟೋದಾಗ ಬಂದ್ಳು ಸಬೀಹಾ ಸಿಸ್ಟರ್.
ಜೆಡ್ಡಾದ ಆಸ್ಪತ್ರಿಯೊಳಗ ಹನ್ನೊಂದು ವರ್ಷ,
ಹೆಚ್ಚಾಗಿ ರಾತ್ರಿ ಪಾಳಿ.
ಊರಿಗೆ ಬಂದ ದಿನಾನೇ ಅಕ್ಕನ ಮಗ
ಪ್ಲಗ್ಗಿಗೆ ತುರುಕಿದನಂತ. ಫಟ್!
ಓಣಿ ಪೂರಾ ಕತ್ತಲಿ.
ಪಕ್ಕದ ಮನಿಯಂವ ಇವತ್ತಿಗೂ ಮಾತಾಡಂಗಿಲ್ಲ.

ಸುಟ್ಟದ್ದನ್ನ ಸೂಪರ್ ಮಾರ್ಕೆಟ್ಟಿನ ಹುಡುಗ ರಿಪೇರಿ ಮಾಡ್ಯಾನ,
‘ಖರೇ ಇದರ ಊಟ ಇಲ್ಲಿ ಸಿಗಂಗಿಲ್ಲ’ ಅಂದು
ನನ್ನ ಅಂಗಡಿ ತೋರ್ಸ್ಯಾನ.
ಅಲ್ಲಿ ಗ್ವಾಡಿಯೊಳಗಿಂದ ಬರೋದು ನೂರಾ ಇಪ್ಪತ್ತೇಳು,
ಇಲ್ಲಿ ಇನ್ನೂರಾ ಮೂವತ್ತು. ಅದೂ ಪುಸ್ತಕದಾಗ.
ಮಿಲ್ಲು ಎದ್ದರ ನೂರಾ ಎಂಬತ್ತು,
ಮಿಲ್ಲು ಮಲಗಿದ್ರ ಇನ್ನೂರಾ ಐವತ್ತು.

‘ಇದರಾಗ ಏನದ ಸಿಸ್ಟರ್, ಇಷ್ಟು ಜೀವ ಬಿಡ್ತೀರಿ?’
‘ಹೆರಿಗಿ ಲೆಕ್ಕ’ ಅಂದ್ಳು.
ತನ್ನ ಕೈಮ್ಯಾಲ ಹುಟ್ಟಿದವು ಎಲ್ಲಾ,
ಗಂಡೋ ಹೆಣ್ಣೋ, ತೂಕ ಎಷ್ಟು, ಎಷ್ಟೊತ್ತಿಗೆ ಅತ್ತಿತು.
ತಾಯಂದಿರ ಹೆಸರಿಲ್ಲ. ಕೇಳಲಿಲ್ಲ ನಾನೂ.

ವೋಲ್ಟಿಗೆ ಮೂರು ಸುತ್ತು.
ಈ ಕಡಿ ಆರುನೂರಾ ತೊಂಬತ್ತು,
ಆ ಕಡಿ ಮುನ್ನೂರಾ ಎಂಬತ್ತೊಂದು.
ಸುತ್ತುವಾಗ ಯಾರೂ ಮಾತಾಡಿಸಬಾರದು.
ನಾನೂರಾ ಹನ್ನೆರಡಕ್ಕ ಬಡ್ಡಿಯವನ ಫೋನು,
ಬಿಚ್ಚಿ, ಮತ್ತ ಒಂದರಿಂದ.
ವಾರ್ನಿಷ್ ಅದ್ದಿ ಪತ್ರಾಸಿನ ಮ್ಯಾಲ ಇಟ್ಟೆ.
ಕಲಬುರಗಿ ಬಿಸಲಿಗೆ ಒಲಿ ಖರ್ಚಿಲ್ಲ.

ಚಾಲೂ ಆಯ್ತು.
ನೀಲಿ ಪರದಿ ಬಂದಾಗ ಸಿಸ್ಟರ್ ಏನೂ ಅನಲಿಲ್ಲ,
ಸೆರಗಿನಿಂದ ಅದರ ಗಾಜು ಒರೆಸಿದಳು.

ಎರಡು ದಿನಕ್ಕ ತಿರುಗಿ ಬಂದ್ಳು, ಕೈಯಾಗ
ಅಂಕಿ ಮಗಚೋ ಪ್ಲಗ್ಗಿನ ಗಡಿಯಾರ, ಅದೂ ಜೆಡ್ಡಾದ್ದೇ.
‘ನಿನ್ನ ಡಬ್ಬಿಗೇ ಹಚ್ಚೀನಿ. ಓಡ್ತದ. ಖರೇ ಸೋಲ್ತದ.’

ಜೋರು ಇಳಸಲಾಕ ಬರ್ತದ ಸಿಸ್ಟರ್,
ಬಡಿತ ಬದಲಸಲಾಕ ಬರಂಗಿಲ್ಲ.
ಅಲ್ಲಿ ಕರೆಂಟು ಸೆಕೆಂಡಿಗೆ ಅರವತ್ತು ಸಲ ಮಿಡಿತದ,
ಇಲ್ಲಿ ಐವತ್ತೇ.
ಕಂಪ್ಯೂಟರಿಗೆ ಅದರ ಖಬರಿಲ್ಲ, ಹೊಟ್ಟಿ ತುಂಬಿದ್ರ ಸಾಕು.
ಈ ಗಡಿಯಾರ ಎಣಿಸಿಗೋತ ಕುಂತದ,
ಅರವತ್ತು ಮುಟ್ಟಿದ ಮ್ಯಾಲೇ ಒಂದು ಸೆಕೆಂಡು ಅಂತದ.
ತಾಸಿಗೆ ಹತ್ತು ನಿಮಿಷ ಹಿಂದ ಬೀಳ್ತದ.

‘ಹಂಗಾರ ನಿನ್ನ ಹತ್ರಾನೇ ಇರಲಿ’
ಅಂದು, ರೊಕ್ಕ ಕೊಟ್ಟು, ಹೋದ್ಳು.

ಉಳಿದ ತಂತಿಯಾಗ ಅದಕೊಂದು ಸಣ್ಣ ಟ್ರಾನ್ಸ್‌ಫಾರ್ಮರು ಸುತ್ತಿದೆ.
ಮೂರು ಗಂಟಿಗೆ ಕೂಡಿಸಿ ಬಿಟ್ಟೆ, ಯಾಕಂತ ಕೇಳಬ್ಯಾಡ್ರಿ.
ಅವತ್ತು ರಾತ್ರಿ ಒಂದು ಸಲಾನೂ ಕರೆಂಟು ಹೋಗಲಿಲ್ಲ,
ಇದು ನಮ್ಮ ಕಡಿ ಸಣ್ಣ ಮಾತಲ್ಲ.
ಮುಂಜಾನಿ ಆರಕ್ಕ ಹಾಲಿನವ ಗಂಟಿ ಬಾರಿಸಿದಾಗ
ಗಡಿಯಾರ ಮೂರೂವರಿ ತೋರಿಸ್ತಿತ್ತು.

ಫೋನ ಹಚ್ಚಿದೆ.
‘ಸಿಸ್ಟರ್, ಈಗ ಜೆಡ್ಡಾದಾಗ ಎಷ್ಟಾಗಿರಬೇಕು?’
ನಿದ್ದಿಗಣ್ಣಾಗೇ, ಎಣಿಸದೇ ಅಂದ್ಳು:
‘ಮೂರೂವರಿ. ಪಾಳಿ ಮುಗಿಯಲಾಕ ಇನ್ನಾ ಅಷ್ಟೇ ತಾಸದ.
ಯಾಕ?’
ಸುಮ್ಮ, ಅಂದೆ.

ಒಲಿ ಹಚ್ಚಿ ಚಾ ಕುದಿಸಿ ಬರೋದ್ರಾಗ
ಗಡಿಯಾರ ಜೆಡ್ಡಾನೂ ಬಿಟ್ಟು
ಪಡುವಣಕ್ಕ, ಸಮುದ್ರದ ಕಡಿ
ಸಾವಕಾಶ ಹೊಂಟಿತ್ತು.